ಸೇರಿದ್ದೋ, ಕಳೆದದ್ದೋ: ಕಾರಿನೊಳಗಿನ ಗೀರುಗಳು



ಕಾರಿನ ಹೊರಮೈಗೆ ಗೀರು ಬಿದ್ದರೆ ಬೀದಿಯವರೆಲ್ಲ ನೋಡುತ್ತಾರೆ. ಒಳಗೆ ಬಿದ್ದ ಗೀರನ್ನು ದಿನವೂ ನೋಡುವವರು ಕಾರಿನವರು ಮಾತ್ರ. ಬಾಗಿಲು ತೆರೆದ ಕೂಡಲೇ ಕಾಲಡಿ ಸಿಗುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ, ಬಾಗಿಲಿನ ಒಳಹಲಗೆಯ ಕೆಳಭಾಗ, ಮುಂದಿನ ಸೀಟಿನ ಬೆನ್ನು, ಡಿಕ್ಕಿಯ ಅಂಚು. ಈ ಜಾಗಗಳಿಗೆ ಸದಾ ಏನಾದರೂ ತಾಗುತ್ತಲೇ ಇರುತ್ತದೆ. ಚಪ್ಪಲಿ ತಾಗುತ್ತದೆ, ಶೂ ತಾಗುತ್ತದೆ. ಮಕ್ಕಳ ಶಾಲೆಯ ಚೀಲ, ಸೂಟ್‌ಕೇಸಿನ ಚಕ್ರ, ಮಡಚಿಟ್ಟ ಗಾಲಿಕುರ್ಚಿ ತಾಗುತ್ತವೆ. ತಾಗಿದ್ದೆಲ್ಲ ಒಂದು ಗುರುತು ಬಿಟ್ಟು ಹೋಗುತ್ತದೆ.

ಇಂದು ಮಾತಾಡುವುದು ಆ ಗುರುತುಗಳ ಬಗ್ಗೆ. ಅವನ್ನು ತೆಗೆಯುವುದು ಹೇಗೆ? ಯಾವುದನ್ನು ತೆಗೆಯಲು ಬರುತ್ತದೆ, ಯಾವುದನ್ನು ತೆಗೆಯಲು ಬರುವುದಿಲ್ಲ?

ಇದು ಸಣ್ಣ ವಿಷಯ ಎನಿಸಬಹುದು. ಯೆಲ್ಲೋ ಬೋರ್ಡ್ ಕಾರು ಓಡಿಸಿ ಬದುಕುವವರಿಗೆ ಇದು ಸಣ್ಣದಲ್ಲ. ವಿಮಾನ ನಿಲ್ದಾಣಕ್ಕೂ ಊರಿಗೂ ಓಡುವ ಕಾರಿನ ಡಿಕ್ಕಿಗೆ ದಿನಕ್ಕೆ ಹತ್ತಾರು ಪೆಟ್ಟಿಗೆಗಳು ಹತ್ತಿ ಇಳಿಯುತ್ತವೆ. ಕಾರು ಒಳಗೆ ಹೇಗಿದೆ ಎಂಬುದರ ಮೇಲೆ ಕುಳಿತವರು ಚಾಲಕನನ್ನು ಅಳೆಯುತ್ತಾರೆ. ಹಳೆಯ ಕಾರು ಮಾರಲು ಹೊರಟವರಿಗೂ ಇದು ಸಣ್ಣದಲ್ಲ. ಕೊಳ್ಳಲು ಬಂದವರು ಎಂಜಿನ್ ನೋಡುವ ಮೊದಲು ಬಾಗಿಲು ತೆರೆಯುತ್ತಾರೆ. ಹಲಗೆಯ ತುಂಬ ಗೀರು ಕಂಡರೆ, ಇವರು ಕಾರನ್ನು ಹೇಗೆ ಓಡಿಸಿರಬಹುದು ಎಂದು ಅಲ್ಲೇ ಲೆಕ್ಕ ಹಾಕುತ್ತಾರೆ.

ಇಡೀ ಭಾಷಣದಲ್ಲಿ ನಾನು ಹಿಡಿದು ಹೋಗುವ ಮಾತು ಒಂದೇ. ಗುರುತು ಕಂಡ ಕೂಡಲೇ ಉಜ್ಜಬೇಡಿ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಹೊರಗಿನಿಂದ ಏನಾದರೂ ಬಂದು ಸೇರಿದೆಯೋ? ಇಲ್ಲ, ಇಲ್ಲಿದ್ದದ್ದು ಏನಾದರೂ ಕಳೆದುಹೋಗಿದೆಯೋ? ಸೇರಿದ್ದನ್ನು ತೆಗೆಯಬಹುದು. ಕಳೆದದ್ದನ್ನು ಉಜ್ಜಿ ತರಲಾಗುವುದಿಲ್ಲ. ಕಾರಿನ ಒಳಮೈ ಹಾಳಾಗುವುದು ಗೀರಿನಿಂದ ಸ್ವಲ್ಪ. ಆ ಗೀರನ್ನು ತೆಗೆಯುವ ಅವಸರದಿಂದ ಬಹಳ.

ಮೊದಲಿಗೆ, ಆ ಹಲಗೆ ಯಾವುದರಿಂದ ಆಗಿದೆ ಎಂದು ತಿಳಿಯೋಣ.

ನಮ್ಮ ಬಹುಪಾಲು ಕಾರುಗಳಲ್ಲಿ ಬಾಗಿಲಿನ ಕೆಳಭಾಗ, ಕಾಲಡಿಯ ಪಟ್ಟಿ, ಡಿಕ್ಕಿಯ ಗೋಡೆ, ಇವೆಲ್ಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಇದು ನಿಮಗೆ ಹೊಸದಲ್ಲ. ಸಿಮೆಂಟ್ ತುಂಬುವ ಹೆಣೆದ ಚೀಲ ಇದರದ್ದೇ. ಕಾರಿನ ಬ್ಯಾಟರಿಯ ಡಬ್ಬಿಯೂ ಇದರದ್ದೇ. ಇಟಲಿಯ ಮಿಲಾನ್ ನಗರದಲ್ಲಿ ಜೂಲಿಯೊ ನಟ್ಟಾ ಎಂಬ ರಸಾಯನ ವಿಜ್ಞಾನಿ 1954ರಲ್ಲಿ ಇದರ ಗಟ್ಟಿ ರೂಪವನ್ನು ತಯಾರಿಸಿದರು. ಜರ್ಮನಿಯ ಕಾರ್ಲ್ ಝೀಗ್ಲರ್ ಅವರ ಜೊತೆ 1963ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಮೊದಲು ತಯಾರಿಸಿದ ಮೂರೇ ವರ್ಷದಲ್ಲಿ, 1957ರ ಹೊತ್ತಿಗೆ, ಈ ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ತಯಾರಾಗತೊಡಗಿತ್ತು.

ಈ ಪ್ಲಾಸ್ಟಿಕ್ ತುಂಬ ಹಗುರ, ನೀರಿನ ಮೇಲೆ ತೇಲುತ್ತದೆ. ಇದರ ಇನ್ನೊಂದು ಗುಣ ನಮ್ಮ ಕೆಲಸಕ್ಕೆ ಮುಖ್ಯವಾದದ್ದು. ಇದಕ್ಕೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. ಬಣ್ಣ ಹಚ್ಚಿದರೆ ಕಿತ್ತು ಬರುತ್ತದೆ. ಗೋಂದು ಹಚ್ಚಿದರೆ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಕೆಲಸದವರಿಗೆ ಇದು ತಲೆನೋವು. ಗುರುತು ತೆಗೆಯುವ ನಮಗೆ ಇದೇ ಅನುಕೂಲ. ಶೂವಿನ ಕಪ್ಪು ಈ ಹಲಗೆಯ ಒಳಗೆ ಇಳಿಯುವುದಿಲ್ಲ. ಮೇಲೆ ಕೂತಿರುತ್ತದೆ, ಅಷ್ಟೆ.

ಇನ್ನೊಂದು ಸಂಗತಿ. ಹಲಗೆಯ ಮೇಲೆ ಬೆರಳಾಡಿಸಿ ನೋಡಿ. ಅದು ಗಾಜಿನಂತೆ ನಯವಾಗಿಲ್ಲ. ಚರ್ಮದಂಥ ಸಣ್ಣ ಸುಕ್ಕುಗಳು, ಚುಕ್ಕಿಗಳು ಬೆರಳಿಗೆ ತಿಳಿಯುತ್ತವೆ. ಹಲಗೆಯನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚಿನಲ್ಲೇ ಈ ನಮೂನೆ ಇರುತ್ತದೆ. ಆಮ್ಲದಿಂದ ಕೊರೆದು ಅದನ್ನು ಉಕ್ಕಿನ ಮೇಲೆ ಮೂಡಿಸಿರುತ್ತಾರೆ. ಅದರ ಆಳ ಬಹಳ ಕಡಿಮೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿದ್ದರೆ ಹೆಚ್ಚು. ಹಲಗೆಯ ಮಂಕಾದ, ಹೊಳಪಿಲ್ಲದ ಚಂದವೆಲ್ಲ ಈ ಕೂದಲೆಳೆಯ ಆಳದಲ್ಲಿದೆ. ಜೋರಾಗಿ ಉಜ್ಜಿದರೆ ಹೋಗುವುದು ಇದೇ. ಹೋದರೆ ಮನೆಯಲ್ಲಿ ಕೂತು ಅದನ್ನು ಮತ್ತೆ ಮೂಡಿಸಲಾಗುವುದಿಲ್ಲ.

ಹಾಗಾದರೆ ಎರಡು ವಿಷಯ ನೆನಪಿರಲಿ. ಕಪ್ಪು ಗುರುತು ಮೇಲೆ ಕೂತಿರುತ್ತದೆ. ಹಲಗೆಯ ನಮೂನೆ ಬಲು ತೆಳು. ಈಗ ಪರೀಕ್ಷೆಗೆ ಬರೋಣ. ಸೇರಿದ್ದೋ ಕಳೆದದ್ದೋ ಎಂದು ತಿಳಿಯುವುದು ಹೇಗೆ?

ಮೊದಲನೆಯದು ಉಗುರಿನ ಪರೀಕ್ಷೆ. ಬೆರಳಿನ ಉಗುರನ್ನು ಗುರುತಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಒಂದು ತಗ್ಗಿಗೆ ಸಿಕ್ಕಿ ನಿಂತರೆ, ಅಲ್ಲಿ ಪ್ಲಾಸ್ಟಿಕ್ ಕಿತ್ತುಹೋಗಿದೆ. ಅದು ಕಳೆದದ್ದು. ಉಗುರು ಸರಾಗವಾಗಿ ಜಾರಿದರೆ, ಇಲ್ಲವೇ ಸ್ವಲ್ಪ ಉಬ್ಬಿದಂತೆ, ಅಂಟಂಟಾಗಿ ಸಿಕ್ಕರೆ, ಅದು ಹೊರಗಿನಿಂದ ಬಂದು ಸೇರಿದ್ದು.

ಎರಡನೆಯದು ನೀರಿನ ಪರೀಕ್ಷೆ. ಬಿಳಿಚಿದ ಗೀರುಗಳಿಗೆ ಇದು ಬೇಕು. ಕಪ್ಪು ಅಥವಾ ಬೂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆಗಳಿರುತ್ತವಲ್ಲ, ಅವುಗಳ ಮಾತು. ಒದ್ದೆ ಬೆರಳನ್ನು ಆ ಗೆರೆಯ ಮೇಲೆ ಆಡಿಸಿ. ಒದ್ದೆಯಾದಾಗ ಗೆರೆ ಮಾಯವಾಗಿ, ನೀರು ಆರಿದ ಮೇಲೆ ಮತ್ತೆ ಕಂಡರೆ, ಅಲ್ಲಿ ಸೇರಿರುವುದು ಏನೂ ಇಲ್ಲ. ಮೇಲ್ಮೈ ತರಚಿದೆ. ತರಚಿದ ಕಡೆ ಬೆಳಕು ಚೆದುರಿ ನಮಗೆ ಬೆಳ್ಳಗೆ ಕಾಣುತ್ತದೆ. ನೀರು ಆ ಸಣ್ಣ ತಗ್ಗುಗಳನ್ನು ತುಂಬಿದಾಗ ಬೆಳಕು ಚೆದುರುವುದು ನಿಂತು ಬಣ್ಣ ಸರಿಯಾಗುತ್ತದೆ. ಕಾರಿನ ಹಲಗೆಗೆ ಬಿಗಿ ಬರಲೆಂದು ಪಾಲಿಪ್ರೊಪಿಲೀನಿಗೆ ಟಾಲ್ಕ್ ಖನಿಜದ ಪುಡಿ ಬೆರೆಸುವುದುಂಟು. ನಾವು ಮುಖಕ್ಕೆ ಹಚ್ಚುವ ಪೌಡರಿನ ಅದೇ ಟಾಲ್ಕ್. ಅದು ಬೆರೆತ ಹಲಗೆಯಲ್ಲಿ ಗೀರು ಇನ್ನಷ್ಟು ಬೆಳ್ಳಗೆ ಎದ್ದು ಕಾಣುತ್ತದೆ.

ಈ ಎರಡು ಪರೀಕ್ಷೆಗೆ ಒಂದು ನಿಮಿಷ ಸಾಕು. ಕಾಸಿನ ಖರ್ಚಿಲ್ಲ. ಸ್ಪಂಜು ಹಿಡಿಯುವ ಮೊದಲು ಇದನ್ನು ಮಾಡಿಯೇ ಮಾಡಿ.

ಉಗುರು ಜಾರಿತು, ಗುರುತು ಕಪ್ಪಗಿದೆ. ಅಂದರೆ ಅದು ಸೇರಿದ್ದು. ಇಂಥ ಗುರುತೇ ಕಾರುಗಳಲ್ಲಿ ಹೆಚ್ಚು. ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ.

ಈ ಕಪ್ಪು ಬರುವುದು ಶೂವಿನ ಅಡಿಯಟ್ಟೆಯ ರಬ್ಬರಿನಿಂದ. ರಬ್ಬರಿಗೆ ಗಟ್ಟಿತನ ಬರಲೆಂದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯನ್ನು ಬೆರೆಸುತ್ತಾರೆ. ಟಯರು ಕಪ್ಪಗಿರುವುದೂ ಇದೇ ಮಸಿಯಿಂದ. ಶೂ ಹಲಗೆಗೆ ತಿಕ್ಕಿದಾಗ ಅಲ್ಲಿ ಬಿಸಿ ಹುಟ್ಟುತ್ತದೆ. ರಬ್ಬರಿನ ತೆಳುಪದರ ಕಿತ್ತು ಹಲಗೆಯ ಮೇಲೆ ಬಳಿದುಕೊಳ್ಳುತ್ತದೆ. ಬ್ಯಾಡ್ಮಿಂಟನ್ ಒಳಾಂಗಣಗಳಲ್ಲಿ ನಾನ್ ಮಾರ್ಕಿಂಗ್ ಶೂ ಹಾಕಿಕೊಂಡೇ ಬನ್ನಿ ಎನ್ನುವುದು ಈ ಕಪ್ಪಿಗೆ ಹೆದರಿಯೇ. ಗುರುತು ಹೊಸದಿದ್ದಾಗ ಬೇಗ ಬಿಡುತ್ತದೆ. ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬೆಂದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಕೆಲಸ ಶುರುಮಾಡುವ ಮೊದಲು ಕಾರನ್ನು ನೆರಳಿಗೆ ತನ್ನಿ. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿಯವರೆಗೂ ಕಾಯಬಲ್ಲದು. ಕಾದ ಪ್ಲಾಸ್ಟಿಕ್ ಮೇಲೆ ಸೋಪಿನ ನೀರು ಒರೆಸುವ ಮೊದಲೇ ಆರಿ ಕಲೆಗಟ್ಟುತ್ತದೆ. ಹಲಗೆ ಕೈಗೆ ತಂಪಾಗಿ ತಾಗುವವರೆಗೆ ಕಾಯಿರಿ.

ಆಮೇಲೆ ಧೂಳು ತೆಗೆಯಿರಿ. ಒಣಬಟ್ಟೆಯಿಂದ ಉಜ್ಜಿ ತೆಗೆಯಬೇಡಿ. ವ್ಯಾಕ್ಯೂಮ್ ಇದ್ದರೆ ಎಳೆಸಿ. ಇಲ್ಲದಿದ್ದರೆ ಮೆತ್ತನೆಯ ಕುಂಚದಿಂದ ಮೆಲ್ಲಗೆ ಉದುರಿಸಿ. ಏಕೆ ಗೊತ್ತೆ? ಖನಿಜಗಳ ಗಡಸುತನ ಅಳೆಯಲು ಮೋಸ್ ಮಾಪಕ ಎಂಬುದೊಂದಿದೆ. ಒಂದರಿಂದ ಹತ್ತರವರೆಗೆ ಅದರ ಎಣಿಕೆ. ಎಲ್ಲಕ್ಕಿಂತ ಮೆತ್ತನೆಯ ಟಾಲ್ಕ್‌ಗೆ ಅದರಲ್ಲಿ ಒಂದನೇ ಸ್ಥಾನ. ನಮ್ಮ ರಸ್ತೆಯ ಮರಳುಧೂಳಿನಲ್ಲಿರುವ ಕ್ವಾರ್ಟ್ಜ್ ಏಳನೇ ಸ್ಥಾನದಲ್ಲಿದೆ, ಉಕ್ಕಿನ ಚಾಕುವಿಗಿಂತ ಗಡಸು. ಒಣಬಟ್ಟೆಯಲ್ಲಿ ಉಜ್ಜಿದಾಗ ಆ ಮರಳಿನ ಕಣಗಳೇ ಪ್ಲಾಸ್ಟಿಕ್ಕನ್ನು ಗೀರುತ್ತವೆ. ಸೇರಿದ್ದನ್ನು ತೆಗೆಯಲು ಹೋಗಿ ಇದ್ದದ್ದನ್ನೂ ಕಳೆದುಕೊಂಡ ಹಾಗಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಕೆಮ್ಮಣ್ಣಿನ ದಾರಿಗಳಲ್ಲಿ ಓಡಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಮಣ್ಣು ಬಣ್ಣವನ್ನೂ ಬಿಡುತ್ತದೆ. ನಸುಹಳದಿ ಒಳಮೈ ಇರುವ ಕಾರುಗಳಲ್ಲಿ, ಗೀರಿನ ಜೊತೆಗೆ ಸುಕ್ಕುಗಳ ಸಂದಿಯಲ್ಲೂ ಕೆಂಪು ಉಳಿದುಬಿಡುತ್ತದೆ.

ಕಾರು ನೆರಳಿಗೆ ಬಂತು, ಧೂಳು ಹೋಯಿತು. ಈಗ ಒಂದೊಂದೇ ಉಪಾಯ. ಎಲ್ಲಕ್ಕಿಂತ ಮೃದುವಾದದ್ದು ಮೊದಲು. ಅದರಿಂದ ಆಗದಿದ್ದರೆ ಮಾತ್ರ ಮುಂದಿನದು.

ಸೋಪಿನ ನೀರಿನಿಂದ ಆರಂಭಿಸಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಮಗುವಿನ ಶಾಂಪೂ ಆದರೂ ಆದೀತು. ಬಟ್ಟೆ ಬಿಳಿ ಬಣ್ಣದ್ದಾಗಿರಲಿ. ಇದು ಮುಖ್ಯ. ಬಿಳಿ ಬಟ್ಟೆಗೆ ಕಪ್ಪು ಹತ್ತಿದರೆ ರಬ್ಬರು ಬಿಡುತ್ತಿದೆ ಎಂದರ್ಥ, ಮುಂದುವರಿಸಿ. ಹಲಗೆಯ ಬಣ್ಣವೇ ಬಟ್ಟೆಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಆಮೇಲೆ ಒರೆಸಿ. ಬಾಗಿಲಿನ ಹಲಗೆಯಲ್ಲಿ ಗಾಜು ಏರಿಸುವ ಸ್ವಿಚ್ಚಿದೆ, ಸ್ಪೀಕರ್ ಇದೆ. ಅವುಗಳ ಒಳಗೆ ನೀರು ಇಳಿಯಬಾರದು. ಸುಕ್ಕುಗಳ ಸಂದಿಗೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಒಳ್ಳೆಯದು. ಆಮೇಲೆ ಬರಿ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ. ಅರ್ಧಕ್ಕರ್ಧ ಗುರುತುಗಳು ಇಲ್ಲಿಗೇ ಮಸುಕಾಗುತ್ತವೆ.

ಉಳಿದವಕ್ಕೆ ಮಕ್ಕಳ ಪೆನ್ಸಿಲ್ ಪೆಟ್ಟಿಗೆ ತೆರೆಯಿರಿ. ಬಿಳಿ ಬಣ್ಣದ, ಮೆತ್ತನೆಯ ಅಳಿಸುವ ರಬ್ಬರ್ ತೆಗೆದುಕೊಳ್ಳಿ. ಮರಳು ಬೆರೆತ, ಇಂಕು ಅಳಿಸುವ ಒರಟು ರಬ್ಬರ್ ಬೇಡ. ಒಣಗಿದ ಗುರುತಿನ ಮೇಲೆ ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಿರಿ. ಶೂವಿನ ಕಪ್ಪು ರಬ್ಬರಿನ ಚೂರುಗಳಿಗೆ ಅಂಟಿಕೊಂಡು ಸುರುಳಿಯಾಗಿ ಉದುರುತ್ತದೆ. ಈ ಉಪಾಯಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ. ಇದಕ್ಕೆ ರಾಸಾಯನಿಕ ದ್ರವ ಬೇಡ, ಹಲಗೆಯ ಸುಕ್ಕಿಗೆ ಹಾನಿ ತೀರ ಕಡಿಮೆ. ಹತ್ತು ವರ್ಷದ ಮಗು ಕೂಡ ಮಾಡಬಹುದಾದ ಕೆಲಸ. ಸೀಟಿನ ಬೆನ್ನಿಗೆ ಒದ್ದ ಮಗುವಿನ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು.

ಸೋಪಿನ ನೀರು ಆಯಿತು, ಅಳಿಸುವ ರಬ್ಬರ್ ಆಯಿತು. ಇನ್ನೂ ಕಪ್ಪು ಉಳಿದಿದೆಯೆ? ಆಗ ಮೆಲಮೈನ್ ಸ್ಪಂಜು.

ಇದು ಬೆಳ್ಳಗೆ, ಹಗುರವಾಗಿ, ಇಟ್ಟಿಗೆಯ ಆಕಾರದಲ್ಲಿ ಸಿಗುತ್ತದೆ. ಮ್ಯಾಜಿಕ್ ಸ್ಪಂಜು ಎಂದೂ ಮಾರುತ್ತಾರೆ. ಮೂಲತಃ ಇದು ಕಟ್ಟಡಗಳಲ್ಲಿ ಸದ್ದು ಹೀರಲು ಬಳಸುತ್ತಿದ್ದ ನೊರೆ. 2003ರ ಸುಮಾರಿಗೆ ಅಮೆರಿಕದಲ್ಲಿ ಮನೆ ಒರೆಸುವ ವಸ್ತುವಾಗಿ ಪ್ರಸಿದ್ಧಿಗೆ ಬಂತು. ಮುಟ್ಟಿದರೆ ಮೆತ್ತಗಿದೆ. ಆದರೆ ಒಳಗೆ ಅದು ಗಡಸು ಪ್ಲಾಸ್ಟಿಕ್‌ನ ಸೂಕ್ಷ್ಮ ಎಳೆಗಳ ಜಾಲ. ಅದರಲ್ಲಿ ಮಂತ್ರವೂ ಇಲ್ಲ, ಔಷಧವೂ ಇಲ್ಲ. ಅದು ಅತಿ ನಯವಾದ ಉಪ್ಪುಕಾಗದ, ಅಂದರೆ ಸ್ಯಾಂಡ್ ಪೇಪರ್. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದು ಒರೆಸುವುದಿಲ್ಲ, ಸವೆಸುತ್ತದೆ. ಕಪ್ಪನ್ನು ಸವೆಸುತ್ತದೆ. ಕಪ್ಪು ಮುಗಿದ ಮೇಲೂ ನೀವು ನಿಲ್ಲಿಸದಿದ್ದರೆ ಹಲಗೆಯನ್ನು ಸವೆಸುತ್ತದೆ.

ಹಾಗಾಗಿ ಸ್ಪಂಜನ್ನು ನೀರಿನಲ್ಲಿ ಅದ್ದಿ ಹಿಂಡಿ. ತಿರುಚಬೇಡಿ, ಒತ್ತಿ ಹಿಂಡಿ, ಇಲ್ಲದಿದ್ದರೆ ಚೂರಾಗುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಆಮೇಲೆ ಗುರುತಿನ ಮೇಲಷ್ಟೇ, ಬೆರಳ ತುದಿಯ ಭಾರದಲ್ಲಿ ಎರಡು ಮೂರು ಸಲ ಎಳೆಯಿರಿ. ಒರೆಸಿ ನೋಡಿ. ಬೇಕಿದ್ದರೆ ಮತ್ತೆ ಎಳೆಯಿರಿ. ಸುತ್ತಲಿನ ಜಾಗವನ್ನು ಮುಟ್ಟಬೇಡಿ. ಮಂಕು ಹಲಗೆಯಲ್ಲಿ ಹೊಳೆಯುವ ಒಂದು ತೇಪೆ ಕಾಣತೊಡಗಿದರೆ ಸುಕ್ಕು ಸವೆಯುತ್ತಿದೆ ಎಂದು ತಿಳಿಯಿರಿ. ಆ ಕ್ಷಣವೇ ನಿಲ್ಲಿಸಿ. ಮಸುಕಾದ ಒಂದು ಕಪ್ಪು ಗೆರೆ ಉಳಿದರೂ ಅದು ಹೊಳೆಯುವ ತೇಪೆಗಿಂತ ಎಷ್ಟೋ ಮೇಲು. ಕಪ್ಪು ಗೆರೆಯನ್ನು ಮುಂದಿನ ವಾರ ಮತ್ತೆ ನೋಡಬಹುದು. ತೇಪೆ ಕಾರಿನ ಜೊತೆಗೇ ಇರುತ್ತದೆ.

ಕೊನೆಯ ಉಪಾಯ ಸ್ಪಿರಿಟ್. ಇಂಜೆಕ್ಷನ್ ಕೊಡುವ ಮುನ್ನ ತೋಳಿಗೆ ಸವರುವ ಸ್ಪಿರಿಟ್ಟಿನ ಜಾತಿಯದು. ಔಷಧದಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಎಂದು ಕೇಳಿ. ಅದನ್ನು ಬಟ್ಟೆಗೆ ಹಾಕಿ, ಹಲಗೆಗೆ ಸುರಿಯಬೇಡಿ. ಬಟ್ಟೆಯ ತುದಿಯಿಂದ ಗುರುತನ್ನಷ್ಟೇ ಒತ್ತಿ ಒರೆಸಿ. ಕಾರಿನ ಎಲ್ಲ ಬಾಗಿಲೂ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಕೂಡದು. ಕೈಗೆ ಹಚ್ಚುವ ಜೆಲ್ ಸ್ಯಾನಿಟೈಸರ್ ಇದಕ್ಕೆ ಬೇಡ. ಅದನ್ನು ಮಂದವಾಗಿಸಲು ಬೆರೆಸಿದ್ದು ಹಲಗೆಯ ಮೇಲೆ ಅಂಟಾಗಿ ಉಳಿಯುತ್ತದೆ. ಕೆಲವು ಕಾರುಗಳಲ್ಲಿ ಹಿಡಿಕೆ, ಗುಂಡಿಗಳ ಮೇಲೆ ಮುಟ್ಟಿದರೆ ಮಖಮಲ್ಲಿನಂತಿರುವ ಒಂದು ಲೇಪ ಇರುತ್ತದೆ. ಅಲ್ಲಿ ಸ್ಪಿರಿಟ್ ಬೇಡವೇ ಬೇಡ, ಲೇಪವೇ ಎದ್ದು ಬರುತ್ತದೆ. ಸೆಖೆ, ತೇವ ಹೆಚ್ಚಿರುವ ಮಂಗಳೂರು, ಕಾರವಾರದಂಥ ಕಡೆ ಈ ಲೇಪ ಕೆಲವು ವರ್ಷಗಳಲ್ಲಿ ತಾನಾಗಿಯೇ ಅಂಟಂಟಾಗುವುದುಂಟು. ಅದು ಕೊಳೆಯಿಂದ ಆದದ್ದಲ್ಲ. ಲೇಪವೇ ಕೆಡುತ್ತಿದೆ. ಉಜ್ಜಿದರೆ ಹೆಚ್ಚುತ್ತದೆ.

ಸೋಪು, ಅಳಿಸುವ ರಬ್ಬರ್, ಮೆಲಮೈನ್ ಸ್ಪಂಜು, ಸ್ಪಿರಿಟ್. ಈ ನಾಲ್ಕನ್ನು ಇದೇ ಕ್ರಮದಲ್ಲಿ ನೆನಪಿಡಿ. ಈಗ ಬಳಸಬಾರದವನ್ನು ಹೇಳುತ್ತೇನೆ. ಇದನ್ನು ಹೇಳುವಾಗ ನನಗೆ ಕಾರಿಗಿಂತ ಮನುಷ್ಯರ ಚಿಂತೆ ಹೆಚ್ಚು.

ಪೆಟ್ರೋಲ್, ಸೀಮೆಎಣ್ಣೆ, ಪೇಂಟಿನ ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ. ಇವು ಬೇಡ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಪಾಲಿಪ್ರೊಪಿಲೀನ್ ಅದನ್ನು ತಡೆದೀತು. ಆದರೆ ಅದೇ ಬಾಗಿಲಿನ ಮೇಲ್ಭಾಗ ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ ಆಗಿರಬಹುದು. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಒಂದು ಹನಿ ಬಿದ್ದರೂ ಗುರುತು ಶಾಶ್ವತ. ಇನ್ನು ಪೆಟ್ರೋಲ್, ಥಿನ್ನರ್. ವಾಟರ್ ವಾಶ್ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರು ಬಟ್ಟೆಗೆ ಥಿನ್ನರ್ ಹಾಕಿ, ಕಾರಿನೊಳಗೆ ಬಗ್ಗಿ ಕೂತು ಉಜ್ಜುವುದುಂಟು. ಕಾರು ಒಂದು ಸಣ್ಣ ಕೋಣೆ. ಆ ಆವಿ ಅಲ್ಲೇ ತುಂಬಿಕೊಳ್ಳುತ್ತದೆ. ತಲೆ ಸುತ್ತುತ್ತದೆ, ಕಣ್ಣು ಉರಿಯುತ್ತದೆ. ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಒಂದು ಕಪ್ಪು ಗೆರೆಗಾಗಿ ಒಬ್ಬ ಹುಡುಗನ ಉಸಿರನ್ನು ಒತ್ತೆ ಇಡುವುದು ಸರಿಯಲ್ಲ. ನಿಮ್ಮ ಕಾರನ್ನು ಕೊಡುವಾಗ, ಒಳಗೆ ಥಿನ್ನರ್ ಹಾಕಬೇಡಪ್ಪಾ ಎಂದು ಬಾಯಿಬಿಟ್ಟು ಹೇಳಿ. ಅಂಗಡಿ ನಡೆಸುವವರು ಕೇಳುತ್ತಿದ್ದರೆ, ಆ ಡಬ್ಬಿಯನ್ನು ಹುಡುಗರ ಕೈಗೆ ಕೊಡಬೇಡಿ ಎಂದು ಅವರಲ್ಲೂ ಕೇಳಿಕೊಳ್ಳುತ್ತೇನೆ.

ಟೂತ್‌ಪೇಸ್ಟ್ ಹಚ್ಚಿ ಉಜ್ಜುವವರಿದ್ದಾರೆ. ಅದರಲ್ಲೂ ಸವೆಸುವ ಪುಡಿ ಇದೆ. ಜೊತೆಗೆ ಸುಕ್ಕುಗಳ ಸಂದಿಯಲ್ಲಿ ಬೆಳ್ಳಗೆ ಒಣಗಿ ಉಳಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಎಣ್ಣೆ ಹಚ್ಚಿದ ದಿನ ಗೀರು ಕಾಣುವುದಿಲ್ಲ, ಹಲಗೆ ಮಿರಿಮಿರಿ ಮಿಂಚುತ್ತದೆ. ಮರುದಿನದಿಂದ ಧೂಳು ಅದಕ್ಕೆ ಹಿಡಿಯತೊಡಗುತ್ತದೆ. ವಾರದೊಳಗೆ ಕೊಳೆಯ ಪದರವೇ ಆಗುತ್ತದೆ.

ಇಷ್ಟೂ ಸೇರಿದ್ದರ ಮಾತಾಯಿತು. ಈಗ ಕಳೆದದ್ದಕ್ಕೆ ಬರೋಣ. ಉಗುರು ಸಿಕ್ಕಿಕೊಂಡಿತು, ಅಥವಾ ನೀರು ಆರಿದ ಮೇಲೆ ಬಿಳಿ ಗೆರೆ ಮತ್ತೆ ಬಂತು. ಆಗ ಏನು ಮಾಡಬೇಕು?

ತೆಳುವಾದ ಬಿಳಿ ಗೆರೆಗಳಿಗೆ ಬಿಸಿ ಸ್ವಲ್ಪ ಸಹಾಯ ಮಾಡುತ್ತದೆ. ತಲೆ ಒಣಗಿಸುವ ಹೇರ್ ಡ್ರೈಯರ್ ಸಾಕು. ಅಂಗೈ ಅಗಲದ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಚೀಚೆ ಆಡಿಸಿ. ಒತ್ತಡಕ್ಕೆ ಬಿಳಿಚಿದ್ದ ಪ್ಲಾಸ್ಟಿಕ್ ಬಿಸಿಗೆ ಸ್ವಲ್ಪ ಸಡಿಲಗೊಂಡು ಮೊದಲಿನ ಬಣ್ಣಕ್ಕೆ ಹತ್ತಿರ ಬರುತ್ತದೆ. ಪೂರ್ತಿ ಹೋಗಲಿಕ್ಕಿಲ್ಲ. ಎದ್ದು ಕಾಣುವುದು ಕಡಿಮೆಯಾಗುತ್ತದೆ.

ಹೀಟ್ ಗನ್ ಎಂಬ ಇನ್ನೊಂದು ಉಪಕರಣವಿದೆ. ನೋಡಲು ಹೇರ್ ಡ್ರೈಯರಿನಂತೆಯೇ. ಅದರ ಗಾಳಿ 500 ಡಿಗ್ರಿ ದಾಟಬಲ್ಲದು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ. ಲೆಕ್ಕ ನೀವೇ ಹಾಕಿ. ಪಳಗಿದ ಕೈ ಗೆರೆಯನ್ನು ಮಾಯಮಾಡುತ್ತದೆ. ಪಳಗದ ಕೈಯಲ್ಲಿ ಎರಡು ಸೆಕೆಂಡು ಹೆಚ್ಚಾದರೆ ಸುಕ್ಕುಗಳೆಲ್ಲ ಕರಗಿ, ಮೇಣ ಬಳಿದಂತೆ ನುಣುಪಾದ ಹೊಳೆಯುವ ಜಾಗ ಉಳಿಯುತ್ತದೆ. ಮನೆಯಲ್ಲಿ ಅದನ್ನು ಬಳಸಬೇಡಿ ಎಂದೇ ನನ್ನ ಸಲಹೆ.

ಬಿಸಿಯ ಮಾತು ಬಂದಾಗ ಇನ್ನೊಂದು ಎಚ್ಚರಿಕೆ. ಇದು ಜೀವದ ಪ್ರಶ್ನೆ. 2021ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಒಂದು ಸ್ಟಿಯರಿಂಗ್ ನಡುವೆ ಇರುತ್ತದೆ. ಇನ್ನೊಂದು ಎಡಗಡೆ ಡ್ಯಾಶ್‌ಬೋರ್ಡಿನ ಒಳಗೆ. ಕೆಲವು ಕಾರುಗಳಲ್ಲಿ ಸೀಟಿನ ಪಕ್ಕದಲ್ಲಿ, ಬಾಗಿಲ ಮೇಲಿನ ಚಾವಣಿಯ ಅಂಚಿನಲ್ಲೂ ಇರುತ್ತವೆ. ಅಂಥ ಕಡೆ ಎಸ್‌ಆರ್‌ಎಸ್ ಏರ್‌ಬ್ಯಾಗ್ ಎಂದು ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ. ಬೆರಳಿಗೆ ಆ ಅಕ್ಷರಗಳು ಸಿಗುತ್ತವೆ. ಅಪಘಾತವಾದಾಗ ಅಲ್ಲಿನ ಪ್ಲಾಸ್ಟಿಕ್ ಗೊತ್ತುಮಾಡಿದ ಗೆರೆಯಲ್ಲೇ ಸೀಳಿಕೊಂಡು ಚೀಲಕ್ಕೆ ದಾರಿ ಬಿಡಬೇಕು. ಹಾಗೆ ಸೀಳಲೆಂದೇ ಒಳಮಗ್ಗುಲಲ್ಲಿ ಅದನ್ನು ತೆಳುವಾಗಿಸಿರುತ್ತಾರೆ. ಅಲ್ಲಿ ಬಿಸಿ ಬೇಡ, ಸ್ಪಿರಿಟ್ ಬೇಡ, ಮೇಲೆ ಸ್ಟಿಕ್ಕರ್ ಅಂಟಿಸುವುದೂ ಬೇಡ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಸುಮ್ಮನಾಗಿ. ಆ ಜಾಗದಲ್ಲಿ ಗೀರಿದ್ದರೆ ಇರಲಿ.

ಆಳದ ಗೀರು ಮಾತ್ರ ಉಳಿಯಿತು. ಉಗುರು ಪೂರ್ತಿ ಇಳಿಯುವಂಥ ಕೊರಕಲು. ಅಲ್ಲಿ ಉಬ್ಬಿದ ಪ್ಲಾಸ್ಟಿಕ್ ಎಳೆ ಇದ್ದರೆ ಹರಿತವಾದ ಬ್ಲೇಡಿನಿಂದ ಜೋಪಾನವಾಗಿ ಕತ್ತರಿಸಿ ತೆಗೆಯಿರಿ. ಪುಟ್ಟಿ ತುಂಬಿ ಬಣ್ಣ ಹಚ್ಚಿಸಬಹುದು, ಆದರೆ ಆಗಲೇ ಹೇಳಿದೆನಲ್ಲ, ಈ ಪ್ಲಾಸ್ಟಿಕ್‌ಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. ಕಾಲು ತಾಗುವ ಜಾಗದಲ್ಲಿ ಅದು ಬಹಳ ದಿನ ನಿಲ್ಲದು. ಅದಕ್ಕಿಂತ ಆ ತುಂಡನ್ನೇ ಬದಲಿಸುವುದು ಜಾಣತನ. ಕಾಲಡಿಯ ಪಟ್ಟಿಗಳು ಬಹುತೇಕ ಕ್ಲಿಪ್ಪುಗಳ ಮೇಲೆ ಕೂತಿರುತ್ತವೆ. ಹೊಸದೇ ಬೇಕೆಂದಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಕಾರುಗಳಿಂದ ಬಿಚ್ಚಿದ ಒಳ್ಳೆಯ ಹಲಗೆಗಳು ಸಿಗುತ್ತವೆ. ಹೊಸದಕ್ಕೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ನಿಮ್ಮ ಊರಿನ ಗ್ಯಾರೇಜಿನವರಿಗೂ ತಮ್ಮದೇ ಗುಜರಿ ಗೊತ್ತಿರುತ್ತದೆ. ಕಾರಿನ ಮಾದರಿಯ ಜೊತೆ ತಯಾರಾದ ವರ್ಷವನ್ನೂ ಹೇಳಿ ಕೇಳಿ. ಅದೇ ಹೆಸರಿನ ಕಾರಾದರೂ ವರ್ಷ ಬದಲಾದರೆ ಹಲಗೆಯ ಬಣ್ಣ ಕೂಡದೆ ಹೋಗುತ್ತದೆ.

ಕೇಳುಗರೇ, ಸೇರಿದ್ದರ ಕ್ರಮ ಹೇಳಿದೆ, ಕಳೆದದ್ದರ ಮಿತಿ ಹೇಳಿದೆ. ಇನ್ನು ಈ ಯಾವ ನಿಯಮಕ್ಕೂ ಒಳಪಡದ ಒಂದು ಜಾಗ. ಕನ್ನಡಿಯಂತೆ ಹೊಳೆಯುವ ಕಪ್ಪು ಪಟ್ಟಿಗಳು, ಸ್ಪರ್ಶಪರದೆ, ಸ್ಪೀಡೋಮೀಟರಿನ ಮುಂದಿನ ಪಾರದರ್ಶಕ ಮುಚ್ಚಳ. ಇಲ್ಲಿ ಮೆಲಮೈನ್ ಸ್ಪಂಜು ತಾಗಿಸಲೇಬೇಡಿ, ಒಂದೇ ಎಳೆತಕ್ಕೆ ಹೊಳಪು ಮಸುಕಾಗುತ್ತದೆ. ಗಾಜು ಒರೆಸುವ, ಅಮೋನಿಯ ಇರುವ ದ್ರವವೂ ಬೇಡ. ಶುದ್ಧವಾದ ಮೈಕ್ರೋಫೈಬರ್ ಬಟ್ಟೆ, ಒಂದಿಷ್ಟು ನೀರು, ಅಷ್ಟೆ.

ಕೆಲಸ ಮುಗಿದ ಮೇಲೆ ಡ್ರೆಸ್ಸಿಂಗ್, ಪಾಲಿಶ್ ಎಂದು ಅಂಗಡಿಯಲ್ಲಿ ಸಿಗುವುದನ್ನು ಹಚ್ಚಬೇಕೆ ಎಂದು ಕೇಳುವವರಿದ್ದಾರೆ. ಮಂಕು ಹೊಳಪಿನದು, ಎಣ್ಣೆಜಿಡ್ಡಿಲ್ಲದ್ದು ಸಿಕ್ಕರೆ ತೆಳುವಾಗಿ ಹಚ್ಚಿ. ನೀರಿನ ಪರೀಕ್ಷೆಯಲ್ಲಿ ನೋಡಿದಿರಲ್ಲ, ಸಣ್ಣ ತಗ್ಗುಗಳನ್ನು ತುಂಬಿದರೆ ಬಿಳಿ ಗೆರೆ ಕಾಣುವುದಿಲ್ಲ. ಡ್ರೆಸ್ಸಿಂಗ್ ಮಾಡುವುದೂ ಅದನ್ನೇ. ನೀರು ನಿಮಿಷದಲ್ಲಿ ಆರುತ್ತದೆ, ಇದು ಕೆಲವು ವಾರ ಇರುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಮಿರುಗುವ ಪಾಲಿಶ್ ಹಚ್ಚಬೇಡಿ. ಬಿಸಿಲು ಅದರಿಂದ ಮುಂದಿನ ಗಾಜಿಗೆ ಪ್ರತಿಫಲಿಸಿ ರಸ್ತೆ ಕಾಣದಾಗುತ್ತದೆ. ಸ್ಟಿಯರಿಂಗ್, ಗೇರ್ ಹಿಡಿಕೆ, ಕ್ಲಚ್ಚು, ಬ್ರೇಕುಗಳ ಹತ್ತಿರವಂತೂ ಅದನ್ನು ಒಯ್ಯಲೇಬೇಡಿ. ಕೈಯೋ ಕಾಲೋ ಜಾರಿದರೆ ಅನಾಹುತ.

ಕೊನೆಗೆ, ಗೀರು ಬೀಳದಂತೆ ಏನು ಮಾಡಬಹುದು? ಹತ್ತುವ ಕ್ರಮ ಬದಲಿಸಿದರೆ ಅರ್ಧ ಗುರುತು ಬೀಳುವುದೇ ಇಲ್ಲ. ಬಹಳ ಮಂದಿ ಮೊದಲು ಒಂದು ಕಾಲು ಒಳಗಿಟ್ಟು, ಆಮೇಲೆ ಕೂತು, ಇನ್ನೊಂದು ಕಾಲನ್ನು ಎಳೆದುಕೊಳ್ಳುತ್ತಾರೆ. ಆ ಎರಡನೆಯ ಕಾಲು ಪಟ್ಟಿಗೂ ಬಾಗಿಲಿಗೂ ತಿಕ್ಕುತ್ತದೆ. ಮೊದಲು ಸೀಟಿನ ಮೇಲೆ ಅಡ್ಡಲಾಗಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಒಳಗೆ ತಿರುಗಿಸಿ. ಮಂಡಿನೋವಿರುವ ಹಿರಿಯರಿಗೂ ಇದು ಹಿತ. ಡಿಕ್ಕಿಯ ಅಂಚಿಗೆ ಒಂದು ದಪ್ಪ ರಬ್ಬರ್ ಮ್ಯಾಟ್ ಹೊರಮಡಚಿ ಹಾಕಿ, ಪೆಟ್ಟಿಗೆ ಎಳೆಯುವ ಬದಲು ಎತ್ತಿ ಇಡಿ. ಮಕ್ಕಳಿರುವ ಮನೆಯವರು ಮುಂದಿನ ಸೀಟಿನ ಬೆನ್ನಿಗೆ ತೊಳೆಯಲು ಬರುವ ಒಂದು ಬಟ್ಟೆಯ ಹೊದಿಕೆ ಕಟ್ಟಿ. ಕಾಲಡಿಯ ಮ್ಯಾಟನ್ನು ವಾರಕ್ಕೊಮ್ಮೆ ಹೊರಗೆ ತೆಗೆದು ಕೊಡವಿ.

ದಿನವಿಡೀ ರಸ್ತೆಯಲ್ಲಿರುವ ಚಾಲಕರು ಬಾಗಿಲಿನ ಜೇಬಿನಲ್ಲಿ ಮೂರು ವಸ್ತು ಇಟ್ಟುಕೊಳ್ಳಿ. ಒಂದು ಬಿಳಿ ಬಟ್ಟೆ, ಸಣ್ಣ ಬಾಟಲಿಯಲ್ಲಿ ಸೋಪಿನ ನೀರು, ಒಂದು ಅಳಿಸುವ ರಬ್ಬರ್. ಪ್ರಯಾಣಿಕರು ಇಳಿದ ಕೂಡಲೇ ಕಂಡ ಹೊಸ ಗುರುತು ಅಷ್ಟರಲ್ಲೇ ಹೋಗುತ್ತದೆ. ಸ್ಪಿರಿಟ್ ಬಾಟಲಿಯನ್ನು ಮಾತ್ರ ಕಾರಿನಲ್ಲಿ ಇಡಬೇಡಿ. ಬಿಸಿಲಿಗೆ ನಿಂತ ಕಾರಿನೊಳಗಿನ ಸೆಖೆಗೆ ಅದರ ಆವಿ ಹೊರಬಿದ್ದು ತುಂಬಿಕೊಳ್ಳುತ್ತದೆ. ಅದು ಮನೆಯ ತಂಪು ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇರಲಿ.